ಒಬ್ಬಳಿಗೆ ಬರೆದ ಮಾತ್ರೆ

ಕಾಯಿಲೆಯಲ್ಲೂ ಓರಗಿತ್ತಿಯೇ ಮೆರೆದಳಲ್ಲ ಎಂಬುದು ಕುಸುಮಾಳ ಸಂಕಟ. ನಾಗರಬಾವಿಯ ಆ ಮನೆಯಲ್ಲಿ ಅತ್ತೆ ವಿಮಲಮ್ಮ ಇಬ್ಬರು ಸೊಸೆಯರಿಗೂ ಒಂದೇ ಅಂಚಿನ ಸೀರೆ, ಒಂದೇ ತೂಕದ ಓಲೆ ತಂದುಕೊಟ್ಟು, ಯಾರೂ ಮೂತಿ ತಿರುವದಂತೆ ಸಂಸಾರ ತೂಗಿಸಿಕೊಂಡು ಬಂದವರು. ಇಬ್ಬರಿಗೂ ಒಂದು ವರ್ಷದ ಅಂತರದಲ್ಲಿ ಸ್ತನ ಕ್ಯಾನ್ಸರ್ ಬಂದಾಗ ಅವರಿಂದಲೂ ಸಮ ಮಾಡಲಾಗಲಿಲ್ಲ.

ದೊಡ್ಡ ಸೊಸೆ ಶಶಿಕಲಾಗೆ ಕೀಮೋ ಕೊಟ್ಟರು, ತಲೆಕೂದಲು ಉದುರಿತು. ನೋಡಬೇಕಿತ್ತು ಆಗಿನ ವೈಭವ! ಹೊಸಹಳ್ಳಿಯ ನೆಂಟರು ಎಳನೀರಿನ ಗೊನೆಯನ್ನೇ ಹೊತ್ತು ತಂದರು. ಅತ್ತೆ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರು. ಎಲ್ಲ ಮುಗಿದು ಕೂದಲು ಗುಂಗುರು ಗುಂಗುರಾಗಿ ಮತ್ತೆ ಬಂದಾಗ ಮಾರಮ್ಮನಿಗೆ ಹರಕೆ ತೀರಿಸಿ ಬೀದಿಗೆಲ್ಲ ಊಟ ಹಾಕಿಸಿದರು. ಕುಸುಮಾಳದು ಆಪರೇಷನ್, ರೇಡಿಯೇಷನ್, ಆಮೇಲೆ ದಿನಕ್ಕೊಂದು ಮಾತ್ರೆ. ಅವಳಿಗೇನು ಬಿಡಿ, ಮಾತ್ರೆಯಲ್ಲೇ ಹೋಯಿತು ಎಂದುಬಿಟ್ಟರು ಜನ. ಕೂದಲು ಉದುರದ ಕ್ಯಾನ್ಸರು ಕ್ಯಾನ್ಸರೇ ಅಲ್ಲವೇನೋ ಅವರ ಲೆಕ್ಕದಲ್ಲಿ.

ಡಾಕ್ಟರು ಬಿಡಿಸಿ ಹೇಳಿದ್ದರು. ಕುಸುಮಾಳ ಗಡ್ಡೆ ಹೆಣ್ಣಿನ ಹಾರ್ಮೋನನ್ನೇ ಉಂಡು ಬೆಳೆಯುವ ಜಾತಿಯದು. ಮೈಯಲ್ಲಿ ಅದರ ಕಣವೊಂದು ಎಲ್ಲಾದರೂ ಉಳಿದಿದ್ದರೆ ಅದಕ್ಕೆ ಆ ಊಟ ಸಿಗದಂತೆ ಮಾತ್ರೆ ತಡೆಯುತ್ತದೆ. ಕಡಿಮೆಯೆಂದರೂ ಐದು ವರ್ಷ ಬಿಡಕೂಡದು. ಹೇಳುವುದೇನೋ ಸುಲಭ. ಮಾತ್ರೆ ಶುರುವಾದಾಗಿನಿಂದ ಅವಳಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರು ಕಿತ್ತುಕೊಳ್ಳುತ್ತಿತ್ತು. ತಾನು ಹೀಗೆ ಬೇಯುತ್ತಿದ್ದರೆ ಶಶಿಕಲಾ ಫ್ಯಾನಿನ ಕೆಳಗೆ ಆರಾಮಾಗಿ ತಲೆ ಬಾಚುತ್ತ ಕೂತಿರುತ್ತಿದ್ದಳು. ಒಂದೇ ರೋಗ, ಒಂದೇ ಡಾಕ್ಟರು, ಅವಳಿಗಿಲ್ಲದ ಮಾತ್ರೆ ನನಗೊಬ್ಬಳಿಗೆ ಯಾಕಂತೆ? ಯುಗಾದಿ ಕಳೆಯುತ್ತಲೇ ಕುಸುಮಾ ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು.

ಗಂಡ ಕಾಂತರಾಜು ಮಾತ್ರ ತಿಂಗಳು ತಿಂಗಳೂ ತಂದು ಫ್ರಿಜ್ಜಿನ ಮೇಲಿನ ಡಬ್ಬಿಗೆ ಹಾಕುತ್ತಲೇ ಇದ್ದ. ರಾಶಿ ಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಒಂದು ದಿನ ಅವಳು ಡಬ್ಬಿ ತೆಗೆದು ನೋಡಿದರೆ, ಶೀಟುಗಳು ಹೆಚ್ಚುಕಡಿಮೆ ಖಾಲಿ! ನುಂಗುತ್ತಿರುವವರು ಯಾರು?

ಅವತ್ತು ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಡುಗೆಮನೆಯ ಬಾಗಿಲ ಹಿಂದೆ ಕಾದು ನಿಂತಳು. ಶಶಿಕಲಾ ಬಂದಳು, ಡಬ್ಬಿ ಇಳಿಸಿಕೊಂಡಳು, ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಳ್ಳಲು ಹೊರಟಳು. ಕುಸುಮಾ ನುಗ್ಗಿ ಕೈ ಹಿಡಿದಳು.

“ಎಲ್ಲಾ ನಿಮ್ಗೇ ಆಯ್ತು. ಈಗ ನನ್ನ ಮಾತ್ರೆನೂ ಬೇಕಾಕ್ಕ?”

ಶಶಿಕಲಾ ನೆಲದ ಮೇಲೆ ಕೂತಳು. ತನ್ನ ಗಡ್ಡೆ ಹಾರ್ಮೋನಿನ ಹಂಗಿಲ್ಲದೆ ಬೆಳೆಯುವಂಥದ್ದು, ಈ ಮಾತ್ರೆ ಅದಕ್ಕೆ ನಾಟುವುದಿಲ್ಲ, ಇನ್ನು ಚೆಕಪ್ಪಿಗೆ ಬಂದು ಹೋಗುತ್ತಿದ್ದರೆ ಸಾಕು ಎಂದು ಡಾಕ್ಟರು ಹೇಳಿದ್ದರಂತೆ. ಊರೆಲ್ಲ ಹರಕೆಯ ಊಟ ಹೊಡೆಯುವಾಗ ಅವಳೊಬ್ಬಳಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ.

“ನಿಂಗೆ ಅದು ವಾಪಸ್ ಬರ್ದಂಗೆ ತಡಿಯಕ್ಕೆ ದಿನಾ ಒಂದು ಮಾತ್ರೆ ಐತೆ. ನಂಗೇನೈತೆ ಹೇಳು? ನೀನು ಈ ಡಬ್ಬಿ ತೆಗಿಯೋದು ನೋಡಿದ್ರೆ ಹೊಟ್ಟೆ ಉರೀತಿತ್ತು ಕಣೇ. ಒಂದ್ವೇಳೆ ನಂಗೂ ಕೆಲ್ಸ ಮಾಡಿದ್ರೆ ಅಂತ ಕದ್ದು ನುಂಗ್ದೆ.”

ಇಷ್ಟು ದಿನ ಯಾರನ್ನು ನೋಡಿ ಕರುಬಿದೆ ಎಂದು ತನ್ನ ಮೇಲೇ ಕುಸುಮಾಳಿಗೆ ಹೇಸಿಗೆಯಾಯಿತು. ಯುಗಾದಿಯಿಂದ ಒಂದು ಮಾತ್ರೆಯನ್ನೂ ಮುಟ್ಟಿಲ್ಲವೆಂದು ತಲೆ ತಗ್ಗಿಸಿ ಹೇಳಿದಳು.

ಶಶಿಕಲಾ ಎದ್ದವಳೇ ಅವಳ ಕೆನ್ನೆಗೊಂದು ಬಿಟ್ಟಳು. ನಾಳೆ ಇಬ್ಬರೂ ಹೋಗಿ ಡಾಕ್ಟರ ಹತ್ತಿರ ಬೈಸಿಕೊಂಡು ಬರೋಣ ಎಂದಳು. ಆಮೇಲೆ ಕೈಯಲ್ಲಿದ್ದ ಮಾತ್ರೆಯನ್ನು ಕುಸುಮಾಳ ಅಂಗೈಗಿಟ್ಟು, ಲೋಟಕ್ಕೆ ನೀರು ಬಗ್ಗಿಸಿದಳು.

“ನುಂಗು, ನಾನು ನೋಡ್ಬೇಕು. ಡಾಕ್ಟ್ರು ನಂಗೆ ಬರ್ಕೊಟ್ಟಿದ್ರೆ ಒಂದಿನಾನೂ ಬಿಡ್ತಿರ್ಲಿಲ್ಲ.”

ಕುಸುಮಾ ನುಂಗಿ, ಬಾಯಿ ತೆರೆದು ತೋರಿಸಿದಳು.