ಉಸಿರಿದ್ದಾಗ ಹಾಕುವ ನೀರು

ಸಾಲಿನಲ್ಲಿ ದೇವಕ್ಕನ ಮುಂದೆ ಇನ್ನು ಇಬ್ಬರೇ ಉಳಿದಿದ್ದರು. ಸ್ಮಶಾನದ ಮೂಲೆಯ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೊಸ ಫಾದರ್ ಕುಳಿತಿದ್ದರು. ಒಬ್ಬೊಬ್ಬರಾಗಿ ಹೋಗಿ ಪಕ್ಕದಲ್ಲಿ ಮೊಣಕಾಲೂರಿ, ಅವರ ಕಿವಿಯಲ್ಲಿ ತಮ್ಮ ಪಾಪ ಹೇಳಿ, ಕ್ಷಮೆ ಪಡೆದು, ಸೀರೆಯ ಧೂಳು ಝಾಡಿಸಿಕೊಂಡು ಏಳುತ್ತಿದ್ದರು. ಸೋಮವ್ವ ಒಬ್ಬಳೇ ಹತ್ತು ನಿಮಿಷ ತೆಗೆದುಕೊಂಡಳು. ತನ್ನವು ಸಾಲದೆ ಸೊಸೆಯ ಪಾಪಗಳನ್ನೂ ಸೇರಿಸಿ ಹೇಳುತ್ತಿರಬೇಕು ಎಂದು ಹಿಂದೆ ನಿಂತವರು ಮುಸಿಮುಸಿ ನಕ್ಕರು.

ದೇವಕ್ಕನಿಗೆ ನಗು ಬರಲಿಲ್ಲ. ನಾಳೆ ಬೆಳಗಾವಿಯ ಆಸ್ಪತ್ರೆಗೆ ಸೇರಬೇಕು, ನಾಡಿದ್ದು ಎದೆಯ ಆಪರೇಷನ್ನು. "ಮೂರು ತಾಸು ಹಾರ್ಟ್ ನಿಲ್ಲಿಸ್ತೇವಿ ಅಜ್ಜಿ, ಅಲ್ಲಿತನಕ ಮಷೀನು ನಡಸ್ತೈತಿ, ಅಂಜಬ್ಯಾಡ್ರಿ" ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು. ಅಂಜಬೇಡ ಎಂಬ ಆ ಮಾತು ಕೇಳಿದಂದಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಎದೆ ನಿಂತ ಆ ಮೂರು ತಾಸು ಆತ್ಮ ಎಲ್ಲಿರುತ್ತದೆ? ಹೊಸ್ತಿಲು ದಾಟಿ ಹೋಗಿಬಿಟ್ಟರೆ ಯಾರು ಎದುರು ನಿಂತಿರುತ್ತಾರೆ? ಸ್ವರ್ಗ ನರಕಗಳ ಬಗ್ಗೆ ದೇವಕ್ಕನಿಗೆ ಅನುಮಾನವೇ ಇರಲಿಲ್ಲ. ಅನುಮಾನ ಇದ್ದಿದ್ದರೆ ಇಷ್ಟು ಹೆದರಬೇಕಾಗಿಯೂ ಇರಲಿಲ್ಲ.

ಅತ್ತ ಹೊಳೆಯ ಕಡೆಯ ಬೇಲಿಯ ಹತ್ತಿರ ಸೊಸೆ ರೀಟಾ ಒಂದು ಸಣ್ಣ ಸಮಾಧಿಯ ಮುಂದೆ ಕುಳಿತು ಸುತ್ತಲಿನ ಹುಲ್ಲು ಕೀಳುತ್ತಿದ್ದಳು. ನವೆಂಬರ್ ಎರಡು, ಸತ್ತವರೆಲ್ಲರನ್ನು ನೆನೆಯುವ ದಿನ. ಮನೋಳಿ ಊರಿನಲ್ಲಿದ್ದ ಕ್ರೈಸ್ತರ ಇಪ್ಪತ್ತು ಮನೆಗಳವರೂ ಬೆಳಿಗ್ಗೆಯೇ ಬಂದು ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಬಳಿದು ಚಂಡುಹೂವಿನ ಹಾರ ಹಾಕಿದ್ದರು. ರೀಟಾಳ ಮುಂದಿದ್ದ ಸಿಮೆಂಟಿನ ಶಿಲುಬೆಯ ಮೇಲೆ 'ಅಭಯ' ಎಂದು ಬರೆದಿತ್ತು. ಹುಟ್ಟಿದ್ದು, ಸತ್ತದ್ದು ಒಂದೇ ತಾರೀಖು.

ದೇವಕ್ಕ ಕಣ್ಣು ಆಚೆ ತಿರುಗಿಸಿಕೊಂಡಳು.

ಮೂವತ್ತು ವರ್ಷ ಅವಳು ಚರ್ಚಿನ ಸಿಸ್ಟರ್‌ಗಳ ದವಾಖಾನೆಯಲ್ಲಿ ಆಯಾ ಆಗಿದ್ದವಳು. ಹೆರಿಗೆ ಕೋಣೆಯ ಕೆಲಸದ ಜೊತೆಗೆ ಸಿಸ್ಟರು ಅವಳಿಗೆ ಇನ್ನೊಂದನ್ನೂ ಕಲಿಸಿದ್ದರು. ತಮ್ಮ ಜನದ ಕೂಸು ಉಳಿಯುವುದಿಲ್ಲ ಎಂದು ಖಾತ್ರಿಯಾದರೆ, ಫಾದರ್ ಬರುವಷ್ಟು ಹೊತ್ತಿಲ್ಲದಿದ್ದರೆ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಹಣೆಯ ಮೇಲೆ ಮೂರು ಸಲ ನೀರು, ಹೆಸರು, ಪಿತ ಸುತ ಪವಿತ್ರಾತ್ಮರ ನಾಮ, ಅಷ್ಟೇ. ಜನ್ಮಪಾಪ ತೊಳೆದುಹೋಗಿ ಕೂಸು ನೆಟ್ಟಗೆ ನಿತ್ಯಜೀವಕ್ಕೆ ಸಲ್ಲುತ್ತದೆ. "ಮೊದಲ ಮೂಗಿನ ಕೆಳಗ ಎರಡು ಬೆರಳು ಹಿಡದು ನೋಡು ದೇವಕ್ಕಾ. ಉಸಿರಿದ್ರ ನೀರು. ನಿಂತಿದ್ರ ಒಂದು ಹನಿನೂ ಬ್ಯಾಡ. ಸತ್ತವರ ಮ್ಯಾಲ ಸಂಸ್ಕಾರ ಮಾಡೋದು ದೇವರ ಜೋಡಿ ಹುಡುಗಾಟ ಆಡಿದಂಗ, ದೊಡ್ಡ ಪಾಪ" ಎಂದು ಸಿಸ್ಟರು ಬೆರಳೆತ್ತಿ ಹೇಳಿದ್ದರು. ದೇವಕ್ಕ ಹನ್ನೊಂದು ಕೂಸುಗಳಿಗೆ ಹಾಗೆ ನೀರು ಹಾಕಿದ್ದಳು. ಒಮ್ಮೆಯೂ ಕೈ ನಡುಗಿರಲಿಲ್ಲ. ಹನ್ನೊಂದರಲ್ಲಿ ಒಂದೂ ಉಳಿದಿರಲಿಲ್ಲ.

ಹನ್ನೆರಡನೆಯದು ತನ್ನ ಮೊಮ್ಮಗ. ನಾಲ್ಕು ವರ್ಷದ ಹಿಂದೆ ಏಳು ತಿಂಗಳಿಗೇ ರೀಟಾಳಿಗೆ ಬೇನೆ ಶುರುವಾಗಿ, ಓಣಿಯ ದಾವಲಸಾಬ ತನ್ನ ಕ್ರೂಸರ್ ಗಾಡಿಯಲ್ಲಿ ಹಾಕಿಕೊಂಡು ಸವದತ್ತಿಯ ಆಸ್ಪತ್ರೆಗೆ ಓಡಿಸಿದ್ದ. ಅರ್ಧ ದಾರಿಯಲ್ಲಿ, ದೇವಕ್ಕನ ಮಡಿಲಲ್ಲೇ, ಅಂಗೈಯಗಲದ ಕೂಸು ಹುಟ್ಟಿತು. ದಾವಲಸಾಬ ತಿರುಗದೆಯೇ ನೀರಿನ ಬಾಟಲಿಯನ್ನು ಹಿಂದಕ್ಕೆ ಚಾಚಿದ. ಅವಳು ತೆಗೆದುಕೊಂಡು ಸೀಟಿನ ಮೇಲಿಟ್ಟಳು. ಮೂಗಿನ ಕೆಳಗೆ ಬೆರಳು ಹಿಡಿದಳು, ಉಸಿರಿತ್ತು. ನೀರು ಹಾಕಬೇಕು ಎಂದು ಗೊತ್ತಿತ್ತು. ಆದರೆ ಅವಳ ಕೈಯ ನೀರು ಬಿದ್ದ ಯಾವ ಕೂಸು ಉಳಿದಿತ್ತು? ನೀರು ಹಾಕುವುದೆಂದರೆ ಇದೂ ಹೋಯಿತು ಎಂದು ಒಪ್ಪಿಕೊಂಡಂತೆ. ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದು ಬಾಯಿಗೆ ಬಾಯಿಟ್ಟು ಊದುತ್ತಲೇ ಇದ್ದಳು. ಆಮೇಲೆ ಬೆರಳು ಹಿಡಿದಾಗ ಏನೂ ತಾಗಲಿಲ್ಲ.

"ಅತ್ತಿ, ನೀರು ಹಾಕಿದ್ರಿ?" ಅರೆಬರೆ ಎಚ್ಚರದಲ್ಲಿ ರೀಟಾ ಕೇಳಿದ್ದಳು.

"ಹಾಕೀನವಾ" ಎಂದಿದ್ದಳು ದೇವಕ್ಕ.

ಒಂದು ಮಾತು, ಅಷ್ಟೇ. ಅದು ಚರ್ಚಿನ ಪುಸ್ತಕದಲ್ಲಿ ದಾಖಲಾಯಿತು, ಕೆಳಗೆ ಅವಳ ಸಹಿ ಬಿತ್ತು. ವರ್ಷ ವರ್ಷ ರೀಟಾ ಕೇಳಿದಾಗೆಲ್ಲ ಅದಕ್ಕೆ ರೆಕ್ಕೆಪುಕ್ಕ ಹುಟ್ಟಿದವು: ನೀರು ಬಿದ್ದಾಗ ಕೂಸು ಕಣ್ಣು ತೆರೆಯಿತು, ಮುಷ್ಟಿ ಬಿಚ್ಚಿತು. ಮುಚ್ಚಿಟ್ಟ ಪಾಪವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದೇವಕ್ಕ ಪೂಜೆಯಲ್ಲಿ ನಾಲಿಗೆ ಚಾಚಿ ಪರಮಪ್ರಸಾದ ತೆಗೆದುಕೊಂಡಳು. ತೆಗೆದುಕೊಳ್ಳದೆ ಕುಳಿತರೆ ಊರವರೇ ಕೇಳುತ್ತಿದ್ದರು. ಪ್ರತಿ ಪ್ರಸಾದವೂ ಪಾಪದ ಮೇಲೆ ಪಾಪ ಎಂದು ಗೊತ್ತಿದ್ದೂ ನುಂಗಿದಳು.

"ಬನ್ನಿ ಅಮ್ಮ" ಎಂದರು ಫಾದರ್.

ಅವರು ಮಂಗಳೂರಿನ ಕಡೆಯವರು, ಪುಸ್ತಕದ ಕನ್ನಡ. ದೇವಕ್ಕ ಕುರ್ಚಿಯ ಕೈ ಹಿಡಿದು ಮೊಣಕಾಲೂರಿದಳು. ಒಂದನ್ನೂ ಬಿಡದೆ ಹೇಳಿದಳು.

ಫಾದರ್ ಅವಳ ಕಡೆ ಬಾಗಿದರು. "ನೀರು ಹಾಕದೆ ಹೋದದ್ದಕ್ಕೆ ನಿಮ್ಮನ್ನು ದೂರಲಾರೆ. ನೀವು ಮಗುವನ್ನು ಬದುಕಿಸಲು ನೋಡಿದಿರಿ. ಸುಳ್ಳು ಹೇಳಿದ್ದು ಪಾಪ. ಅದನ್ನು ಮುಚ್ಚಿಟ್ಟು ಪ್ರಸಾದ ತೆಗೆದುಕೊಂಡದ್ದು ಪಾಪ."

"ಕೂಸು ಎಲ್ಲೈತ್ರಿ ಸ್ವಾಮಿ?"

"ದೇವರ ಕರುಣೆಗೆ ಒಪ್ಪಿಸಿದ್ದೇವೆ."

"ಸ್ವರ್ಗದಾಗ ಐತಿ ಅಂತ ಹೇಳ್ರಲಾ."

"ಇದೆ ಎಂದು ಆಶಿಸುತ್ತೇವೆ ಅಮ್ಮ. ಸಂಸ್ಕಾರಕ್ಕೆ ದೇವರು ಕಟ್ಟುಬಿದ್ದವರಲ್ಲ."

"ಆಶಾ ಅಷ್ಟ ಏನ್ರಿ?"

"ಆಶೆ ಸಣ್ಣದಲ್ಲ" ಎಂದರು ಫಾದರ್. ಆದರೆ ಹಾಗೆನ್ನುವಾಗ ಅವರು ಅವಳ ಮುಖ ನೋಡದೆ ಮೇಲೆ ಬೇವಿನ ಎಲೆಗಳ ಕಡೆ ನೋಡಿದರು.

ಅವಳ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳಿದರು. ಪ್ರಾಯಶ್ಚಿತ್ತಕ್ಕೆ ಒಂದು ಜಪಸರದ ಪ್ರಾರ್ಥನೆ. ಇಷ್ಟು ದೊಡ್ಡದಕ್ಕೆ ಇಷ್ಟೇ ಇಷ್ಟು! ದೇವಕ್ಕ ಏಳದೆ ಕೇಳಿದಳು: "ಸೊಸಿಗೆ ಹೇಳಬೇಕೇನ್ರಿ?"

"ಒತ್ತಾಯ ಮಾಡುವುದಿಲ್ಲ. ಆದರೆ ಇನ್ನು ಮುಂದೆ ಆ ಸುಳ್ಳನ್ನು ಹೇಳಬೇಡಿ. ಹೇಳಿದರೆ ಅದು ಹೊಸ ಪಾಪ. ಪೂಜೆ ಮುಗಿದ ಕೂಡಲೇ ನಾನು ರಾಮದುರ್ಗಕ್ಕೆ ಹೊರಡುತ್ತೇನೆ, ಇತ್ತ ಬರುವುದು ಇನ್ನು ಮುಂದಿನ ತಿಂಗಳೇ. ಶುದ್ಧ ಮನಸ್ಸಿನಿಂದ ಆಪರೇಷನ್ನಿಗೆ ಹೋಗಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ದೇವಕ್ಕನ ಉಸಿರು ಪೂರ್ತಿ ಒಳಗೆ ಹೋಯಿತು. ಪೂಜೆಯಲ್ಲಿ ಪ್ರಸಾದ ನಾಲಿಗೆಯ ಮೇಲೆ ಬಿದ್ದಾಗ ಸುಡುತ್ತದೆಂದು ಕಾಯ್ದಳು, ಸುಡಲಿಲ್ಲ. ಕಣ್ಣಲ್ಲಿ ನೀರು ಬಂತು. ಈಗಲೇ ಸತ್ತರೂ ಚಿಂತೆಯಿಲ್ಲ ಎನ್ನಿಸಿತು. ಇವತ್ತು, ನಾಳೆ, ನಾಡಿದ್ದು ಬೆಳಗಿನವರೆಗೆ ಮೈಗೆ ಯಾವ ಪಾಪವೂ ಅಂಟದಂತೆ ಇದ್ದುಬಿಟ್ಟರೆ ಸಾಕು. ಆಸ್ಪತ್ರೆಯವರು ಎದೆ ನಿಲ್ಲಿಸಲಿ, ಯಂತ್ರ ಕೆಡಲಿ, ಅವಳು ದಾಟುತ್ತಾಳೆ. ಯಾರೊಂದಿಗೂ ಮಾತೇ ಆಡಬಾರದು ಎಂದುಕೊಂಡಳು. ಮಾತಾಡಿದರೆ ತಾನೇ ಪಾಪ.

ಪೂಜೆ ಮುಗಿದು ಫಾದರ್ ಸಮಾಧಿಗಳಿಗೆ ಪವಿತ್ರ ಜಲ ಚಿಮುಕಿಸುತ್ತ ಹೋದರು. ಅಭಯನ ಸಮಾಧಿಯ ಮುಂದೆ ಒಂದು ಕ್ಷಣ ಹೆಚ್ಚಿಗೆ ನಿಂತರು, ದೇವಕ್ಕನತ್ತ ನೋಡದೆ ಮುಂದೆ ನಡೆದರು. ಅಷ್ಟರಲ್ಲಿ ದಾವಲಸಾಬ ಒಂದು ಹಿಡಿ ಗುಲಾಬಿ ತಂದು ಶಿಲುಬೆಯ ಬುಡಕ್ಕೆ ಹಾಕಿದ. ಪ್ರತಿ ವರ್ಷ ಹಾಕುತ್ತಿದ್ದ.

"ಮುಂಜಾನೆ ಆರಕ್ಕ ಗಾಡಿ ತರತೇನ್ರಿ ದೇವಕ್ಕಾ. ಸಾಗರ ಬರತಾನಿಲ್ಲ?"

"ಸಂಜಿಕ ಕಿತ್ತೂರಿಂದ ಬರತಾರ ಅಣ್ಣಾ" ಎಂದಳು ರೀಟಾ. ಗಂಡ ಸಾಗರ ಅಲ್ಲಿ ಹೈವೇ ಮೇಲಿನ ಗ್ಯಾರೇಜಿನಲ್ಲಿದ್ದ. "ಅವತ್ತ ನಿಮ್ಮ ಬಾಟ್ಲಿ ನೀರು ಇರಲಿಲ್ಲ ಅಂದ್ರ ನನ್ನ ಕೂಸಿನ ಗತಿ ಏನಾಗತಿತ್ತು? ಅದನ್ನ ಹೆಂಗ ಮರೀಲಿ ನಾ?"

ಅಂದು ಸವದತ್ತಿಯಲ್ಲಿ ಗಾಡಿ ತೊಳೆದವನು ದಾವಲಸಾಬನೇ. ಸೀಲು ಒಡೆಯದ ಬಾಟಲಿ ಸೀಟಿನ ಮೇಲೆ ಬಿದ್ದಿದ್ದನ್ನು ನೋಡಿದವನೂ ಅವನೇ. ನಾಲ್ಕು ವರ್ಷ ತುಟಿ ಎರಡು ಮಾಡಿರಲಿಲ್ಲ. ಈಗಲೂ ದೇವಕ್ಕನ ಮುಖವನ್ನೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಗೇಟಿನ ಕಡೆ ಹೋದ.

ರೀಟಾ ಎರಡು ಮೇಣದಬತ್ತಿ ಹಚ್ಚಿ, ಸೆರಗಿನಿಂದ ಶಿಲುಬೆ ಒರೆಸಿ, ಅತ್ತೆಯ ಮಗ್ಗುಲಿಗೆ ಸರಿದು ಕುಳಿತಳು. "ನಾಡಿದ್ದ ಏನೂ ಅಂಜಬ್ಯಾಡ್ರಿ ಅತ್ತಿ. ಇವ ಅದಾನಲ್ಲ ಮ್ಯಾಲ, ನಿಮ್ಮ ಕೈ ಹಿಡಕೊಂಡ ನಿಂದರತಾನ. ದಿನಾ ಹೇಳೇನಿ ಅವಂಗ." ಆಮೇಲೆ ಪ್ರತಿ ವರ್ಷ ಕೇಳುವುದನ್ನೇ ಕೇಳಿದಳು. "ಇನ್ನೊಮ್ಮೆ ಹೇಳ್ರಿ. ನೀರು ಬಿದ್ದಾಗ ಹೆಂಗ ನೋಡಿದ?"

ಹೇಳಿದರೆ ಈಗ ತಾನೇ ತೊಳೆದುಕೊಂಡು ಬಂದ ಪಾಪವನ್ನು ಮತ್ತೆ ಮೈಗೆ ಬಳಿದುಕೊಂಡಂತೆ. ಹೇಳದಿದ್ದರೆ ಈ ಮುಖವನ್ನು ಹೇಗೆ ನೋಡುವುದು? ನಾಲ್ಕು ವರ್ಷದಿಂದ ಈ ಹುಡುಗಿ ಇನ್ನೊಂದು ಮಗುವಿಲ್ಲದೆ, ಆ ಒಂದು ಮಾತಿನ ಮೇಲೆ ನಿಂತು ಬಾಳುವೆ ಮಾಡಿದ್ದಳು.

"ಹೇಳ್ರಿ ಅತ್ತಿ."

"ನೋಡಲಿಲ್ಲವಾ" ಎಂದಳು ದೇವಕ್ಕ. "ಕಣ್ಣ ತೆರೀಲಿಲ್ಲ. ನಾ ನೀರ ಹಾಕಲಿಲ್ಲ."

ರೀಟಾ ನಕ್ಕಳು, ಅತ್ತೆಗೆ ಔಷಧಿಯ ಮಂಕು ಎಂದುಕೊಂಡಿರಬೇಕು. ಆಮೇಲೆ ಅತ್ತೆಯ ಮುಖ ನೋಡಿದಳು. ದೇವಕ್ಕ ಕಣ್ಣು ತಪ್ಪಿಸಲಿಲ್ಲ.

"ಬಾಟ್ಲಿ ಹಾಂಗ ಇತ್ತು. ಹಾಕಿದ್ರ ಸಾಯತೈತಿ ಅನ್ನಿಸ್ತವಾ. ಉಳಿತಾನ, ಉಳಿತಾನ ಅಂದಕೋತ ಕುಂತೆ. ಹಾಕೋದ್ರೊಳಗ ಹೋಗಿಬಿಟ್ಟ. ನೀ ಕೇಳಿದಿ, ಹಾಕೀನಿ ಅಂದೆ."

ರೀಟಾ ಅಳಲಿಲ್ಲ. ಕೂಗಾಡಲಿಲ್ಲ. ಉರಿಯುವ ಮೇಣದಬತ್ತಿಯ ಕಡೆ ತಿರುಗಿದಳು. "ಹಂಗಾದ್ರ ಇಷ್ಟ ದಿನಾ ನಾ ಯಾರ ಕೂಡ ಮಾತಾಡಿದೆ?" ಎಂದಳು. ತನ್ನನ್ನೇ ಕೇಳಿಕೊಂಡಂತಿತ್ತು. ಎದ್ದು, ಸುಣ್ಣ ಕಲಸಲು ತಂದಿದ್ದ ಕೊಡ ಎತ್ತಿಕೊಂಡು ಗೇಟಿನ ಹತ್ತಿರದ ಬೋರಿನ ಕಡೆ ನಡೆದಳು. ಮನೆಗೆ ಹೋಗುತ್ತಾಳೆ, ತವರಿಗೇ ಹೋದರೂ ಹೋದಳು ಎಂದು ದೇವಕ್ಕ ಅಂಜುತ್ತ ನೋಡಿದಳು. ರೀಟಾ ಕೊಡ ತುಂಬಿಕೊಂಡು ವಾಪಸು ಬಂದಳು. ಸಮಾಧಿಯ ಮೇಲಿನ ಹಾರ, ಗುಲಾಬಿಗಳನ್ನು ಬದಿಗೆ ಸರಿಸಿದಳು.

"ಈಗ ಹಾಕ್ರಿ" ಎಂದಳು.

"ಯವ್ವಾ..."

"ನಿಮಗ ಬರತೈತಲ್ಲ ಆ ಮಾತು. ಹೆಸರ ಹೇಳಿ ಹಾಕ್ರಿ."

"ಸತ್ತ ಮ್ಯಾಲ ನಡ್ಯಂಗಿಲ್ಲವಾ. ದೊಡ್ಡ ಪಾಪ ಅದು. ನಾ ಈಗ ಅಷ್ಟ ಫಾದರ್ ಕಡೆ ಎಲ್ಲಾ ಹೇಳಿ ಬಂದೇನಿ. ನಾಡಿದ್ದ ನನ್ನ ಎದಿ ನಿಲ್ಲಸ್ತಾರ..."

"ಹನ್ನೊಂದು ಮಂದಿ ಕೂಸಿಗೆ ಹಾಕೀರಿ. ನನ್ನ ಕೂಸಿಗೆ ಹಾಕಿಲ್ಲ."

ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ದೇವಕ್ಕ ತಡೆದುಕೊಳ್ಳುತ್ತಿದ್ದಳೇನೋ. ಇರಲಿಲ್ಲ. ಗೇಟಿನ ಹೊರಗೆ ಫಾದರ್ ಜೀಪು ಶುರುವಾಯಿತು. ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಜೀಪು ತಿರುಗಿ, ಗೇರು ಬದಲಿಸಿ, ರಾಮದುರ್ಗದ ರಸ್ತೆ ಹಿಡಿಯಿತು. ಅದರ ಸದ್ದು ಪೂರ್ತಿ ಹೋಗುವವರೆಗೆ ದೇವಕ್ಕ ಕೇಳಿಸಿಕೊಂಡಳು. ಇನ್ನೊಂದು ತಿಂಗಳು ಪಾಪಕ್ಕೆ ಕ್ಷಮೆ ಕೊಡುವವರು ಯಾರೂ ಬರುವುದಿಲ್ಲ, ನಾಡಿದ್ದು ಮೂರು ತಾಸು. ಇಷ್ಟು ಭಯ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ರೀಟಾ ಕೊಡ ಹಿಡಿದುಕೊಂಡೇ ನಿಂತಿದ್ದಳು.

ದೇವಕ್ಕ ಕೈಯೂರಿ ಮುಂದಕ್ಕೆ ಜರುಗಿದಳು. ಶಿಲುಬೆಯ ಬುಡದಲ್ಲಿ, ಕೂಸಿನ ತಲೆಯಿಟ್ಟಿದ್ದ ಕಡೆಯ ಕರಿಮಣ್ಣಿನ ಮೇಲೆ, ಮೂವತ್ತು ವರ್ಷದ ರೂಢಿಯಂತೆ ಎರಡು ಬೆರಳು ಹಿಡಿದಳು. ಹಿಡಿದು ಸ್ವಲ್ಪ ಹೊತ್ತು ಕಾಯ್ದಳು. ಆಮೇಲೆ ಬೆರಳು ತೆಗೆದು ಅಂಗೈಯನ್ನು ಕೊಡದ ಬಾಯಿಗೆ ಒಡ್ಡಿದಳು.

"ಬಿಡವಾ ನೀರು" ಎಂದಳು. "ಅಭಯಾ..."

ಮೊದಲ ಅಂಗೈ ನೀರನ್ನು ಬಿರಿದ ಮಣ್ಣು ಬಿದ್ದಲ್ಲೇ ಕುಡಿದುಬಿಟ್ಟಿತು. ಎರಡನೆಯದಕ್ಕೆ ರೀಟಾ ಕೊಡವನ್ನು ಇನ್ನಷ್ಟು ಬಗ್ಗಿಸಿದಳು.