ಒಳಗೆ ಬರುವ ಗೋಡೆ

ವಿಶ್ವವಿದ್ಯಾಲಯದ ಕಾಂಪೌಂಡ್ ಗೋಡೆ ಒಳಗೆ ಸರಿಯುತ್ತಿದೆ ಎಂದು ಮೊದಲು ಹೇಳಿದ್ದು ಭೂಗೋಳ ವಿಭಾಗದ ಮೇಡಂ. ಯಾರು ನಂಬಬೇಕು? ಗೋಡೆಗೇನು ಕಾಲಿದೆಯೇ? ಆದರೆ ರಜೆಗೆ ಮುಂಚೆ ಈಚೆ ಇದ್ದ ಸೈಕಲ್ ಸ್ಟ್ಯಾಂಡ್ ರಜೆ ಮುಗಿಯುವಷ್ಟರಲ್ಲಿ ಗೋಡೆಯ ಆಚೆ ಹೋಗಿತ್ತು. ಒಂದು ಇಟ್ಟಿಗೆ ಅಲುಗಿದ ಗುರುತಿಲ್ಲ, ಪಾಚಿ ಹಾಗೇ ಇತ್ತು. ಆಚೆಯ ಕಂಪನಿಯ ಗಾಜಿನ ಕಟ್ಟಡ ಮಾತ್ರ ಇನ್ನಷ್ಟು ಹತ್ತಿರ ಬಂದು ನಿಂತಿತ್ತು.

ಕುಲಪತಿಗಳು ಸರ್ಕಾರದ ಬಾಗಿಲು ತಟ್ಟಿ ತಟ್ಟಿ ಸುಸ್ತಾದರು. ಅನುದಾನ ಕೇಳಿದರೆ "ಅಷ್ಟು ಜಾಗ ಇದೆಯಲ್ಲ, ಬಾಡಿಗೆಗೆ ಕೊಡಿ" ಅನ್ನುವ ಮಹಾನುಭಾವರು, ಜಾಗವೇ ಹೋಗುತ್ತಿದೆ ಎಂದರೆ ನಕ್ಕರು. ಅಂತೂ ಇಂತೂ ಒಬ್ಬ ಅಧಿಕಾರಿ ಬಂದ. ಅಷ್ಟರಲ್ಲಿ ಗೋಡೆ ಭೂಗೋಳ ವಿಭಾಗದ ಹತ್ತಿರಕ್ಕೇ ಬಂದುಬಿಟ್ಟಿತ್ತು. ಮೇಡಂ ತಲೆ ನರೆಯುವವರೆಗೆ ಪಾಠ ಮಾಡಿದ ಕೋಣೆ ಅದು. ಹೋದರೆ ವಿಭಾಗವೂ ಹೋದಂತೆ.

"ಕಣ್ಣಿಗೇ ಕಾಣ್ತಿದೆಯಲ್ಲ, ಸಾರ್," ಎಂದರು ಮೇಡಂ.

"ಕಣ್ಣಂದಾಜು ನಡೆಯಲ್ಲ. ಅಳತೆ ಬೇಕು. ನಿಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಾಕ್ಟಿಕಲ್‌ನಲ್ಲಿ ವಿಭಾಗದ ಬಾಗಿಲಿಂದ ಇದೇ ಗೋಡೆವರೆಗೆ ಅಳೀತಾರಂತೆ. ಪ್ರತಿ ವರ್ಷವೂ ನಾನೂರು ಅಡಿ. ಈ ವರ್ಷವೂ ನಾನೂರೇ. ಕಮ್ಮಿ ಆಗಿದ್ದೆಲ್ಲಿ?"

ಆ ನಾನೂರು ಸೀನಿಯರುಗಳಿಂದ ಬಾಯಿಂದ ಬಾಯಿಗೆ ಬಂದ ಉತ್ತರ. ಬೇರೆ ಅಂಕಿ ತಂದವರನ್ನು "ಸರಿಯಾದ ಉತ್ತರ ಬರೋವರೆಗೂ ಅಳೀರಿ" ಎಂದು ಗದರಿ ಅಟ್ಟಿದ್ದು ಮತ್ಯಾರೂ ಅಲ್ಲ, ಸ್ವತಃ ಮೇಡಂ.

"ನಿಮ್ಮೆದುರಿಗೇ ಅಳೆಸ್ತೀನಿ, ಇರಿ," ಎಂದು ವಿದ್ಯಾರ್ಥಿಗಳನ್ನು ಕರೆದರು. "ನೋಡ್ರಪ್ಪಾ, ಇವತ್ತು ಎಷ್ಟು ಬರುತ್ತೋ ಅಷ್ಟೇ ಹೇಳಿ. ನನಗೆ ಹೆದರಬೇಡಿ."

ಟೇಪಿನ ತುದಿಯನ್ನು ತಾವೇ ಹಿಡಿದು ನಡುಮಧ್ಯಾಹ್ನದ ಬಿಸಿಲಲ್ಲಿ ಗೋಡೆಯ ಹತ್ತಿರ ಹೋದರು. ಇಟ್ಟಿಗೆಗೆ ಒತ್ತಿ ಹಿಡಿದರು. ಆ ಬಿಸಿಲಲ್ಲೂ ಇಟ್ಟಿಗೆ ತಣ್ಣಗಿತ್ತು. ಧೂಳಿಗೆ ಒಂದು ಸೀನು ಬಂತು, ಕಣ್ಣು ಮುಚ್ಚಿ ತೆರೆದರು.

ಬೆನ್ನಿಗೆ ಆ ಕಟ್ಟಡದ ಗಾಜು ತಾಗುತ್ತಿತ್ತು. ಎದುರಿಗೆ ಗೋಡೆಯ ಹೊರಮೈ. ಟೇಪು ಇಟ್ಟಿಗೆಗಳ ಸಂದಿಯಲ್ಲಿ ತೂರಿ, ಬಿಗಿಯಾಗಿ ಒಳಗೆ ಹೋಗಿತ್ತು. ಮೇಡಂ ಕೂಗಿದರು, ಗೋಡೆಗೆ ಗುದ್ದಿದರು. ಆ ಕಡೆ ಯಾರಿಗೂ ಕೇಳಿಸಿದಂತಿರಲಿಲ್ಲ. ಅವರಿಗೆ ಮಾತ್ರ ಆ ಕಡೆ ಇಬ್ಬರು ವಿದ್ಯಾರ್ಥಿಗಳ ಪಿಸುಮಾತೂ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತಿತ್ತು.

"ಮೂರೇ ಅಡಿ ಬಂತಲ್ಲೋ."

"ಸುಮ್ನಿರೋ. ಆಮೇಲೆ ಮೇಡಂ ಬೈತಾರೆ."

ಆಮೇಲೆ ಇಬ್ಬರೂ ಒಟ್ಟಿಗೆ, ಗಟ್ಟಿಯಾಗಿ ಹೇಳಿದರು: "ನಾನೂರು ಅಡಿ, ಸಾರ್."