ಬಲಗಣ್ಣಿನ ಅಂಚು

ಬ್ಲೌಸ್ ಹೊಲಿಸಬೇಕೆಂದರೆ ಗಜೇಂದ್ರಗಡದ ಹೆಂಗಸರು ಬಸ್ ನಿಲ್ದಾಣದ ಹಿಂದಿನ ಓಣಿಗೆ, ರೂಪಾಳ ಮನೆಗೆ ಬರುತ್ತಿದ್ದರು. ಮುಂದಿನ ಕೋಣೆಯಲ್ಲೇ ಅವಳ ಮಷಿನ್ನು. ಗಂಡ ಉಮೇಶ ಗೂಡ್ಸ್ ಗಾಡಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಗದಗ, ಹುಬ್ಬಳ್ಳಿ ತಿರುಗುವವನು.

ರೂಪಾಳ ಎರಡೂ ಕಣ್ಣಿಗೆ ಒತ್ತಡದ ರೋಗವಿತ್ತು. ಗ್ಲಾಕೋಮಾ ಅನ್ನುತ್ತಾರೆ. ಅವಳ ಸೋದರತ್ತೆ ಅದರಿಂದಲೇ ಕುರುಡಿಯಾಗಿದ್ದಳು. ಅದಕ್ಕೇ ಮದುವೆಗೆ ಮೊದಲೇ ಗದಗಿನ ಕಣ್ಣಿನ ಡಾಕ್ಟರು ರಘೂತ್ತಮ ಇವಳನ್ನೂ ಪರೀಕ್ಷಿಸಿ, ದಿನಾ ಹನಿ ಹಾಕಿಕೊಳ್ಳಬೇಕೆಂದು ಹೇಳಿದ್ದರು. ನೋವಿಲ್ಲ, ಕೆಂಪಿಲ್ಲ, ಮಂಜಿಲ್ಲ. ಆದರೂ ರೂಪಾ ಹನಿ ತಪ್ಪಿಸುತ್ತಿರಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದ ಸೋದರತ್ತೆಯನ್ನು ಅವಳು ನೋಡಿದ್ದಳು.

ಮೊದಲ ಬಸಿರು ಮೂರನೇ ತಿಂಗಳಲ್ಲೇ ಇಳಿದುಹೋಯಿತು. "ಎಷ್ಟೋ ಮಂದಿಗೆ ಹಿಂಗ ಆಗತೈತಿ. ನಿನ್ನ ತಪ್ಪು ಏನೂ ಇಲ್ಲ," ಎಂದರು ಹೆರಿಗೆ ಡಾಕ್ಟರು ಅರ್ಚನಾ. ಯಾಕೆ ಹೋಯಿತೆಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ. ಮಾತನಾಡಿಸಲು ಬಂದ ಪಕ್ಕದ ಮನೆಯ ಸಕ್ಕೂಬಾಯಿ ಗೂಡಿನಲ್ಲಿದ್ದ ಹನಿಯ ಬಾಟಲಿ ನೋಡಿದಳು.

"ಯವ್ವಾ, ಬಸರಿದ್ದಾಗ ಇದನ್ನ ಹಾಕ್ಕೊಂತಿದ್ದೇನ? ಕಣ್ಣಾಗ ಹಾಕಿದ್ದು ಗಂಟಲಕ್ಕ ಇಳೀತೈತಿ. ಕಹಿ ಹತ್ತಂಗಿಲ್ಲೇನ?"

ಕಹಿ ಹತ್ತುತ್ತಿದ್ದುದು ಖರೇ. ಗಂಟಲಿಗೆ ಬರುವುದು ಹೊಟ್ಟೆಗೂ ಹೋಗುತ್ತದಲ್ಲ ಎಂಬ ಮಾತು ರೂಪಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮರುವರ್ಷ ಮತ್ತೆ ದಿನ ನಿಂತಾಗ ಅವಳು ಮೊದಲು ಓಡಿದ್ದು ಅರ್ಚನಾ ಅವರ ಹತ್ತಿರ. ಹನಿಯ ಹೆಸರು ಓದಿ ಅವರು ಬಾಟಲಿಯನ್ನು ಅವಳ ಕೈಗೇ ಕೊಟ್ಟರು. "ಇದನ್ನ ಕಣ್ಣಿನ ಡಾಕ್ಟರೇ ಹೇಳಬೇಕವ್ವ. ಅವರನ್ನ ಕೇಳು." ಗದಗಿಗೆ ಫೋನ್ ಮಾಡಿದರೆ ಡಾಕ್ಟರು ಪರವೂರಿಗೆ ಹೋಗಿದ್ದರು. ಫೋನ್ ಎತ್ತಿದವಳು, "ಬಸರಿ ವಿಷಯ ಅಂದ್ರ ನಿಮ್ಮ ಹೆರಿಗೆ ಡಾಕ್ಟರನ್ನ ಕೇಳ್ರಿ," ಎಂದು ಇಟ್ಟುಬಿಟ್ಟಳು. ಔಷಧಿ ಅಂಗಡಿಯವನಂತೂ ಅವಳು ಬಸರಿ ಎಂದು ತಿಳಿದ ಕೂಡಲೇ ಬಾಟಲಿಯನ್ನು ಹಿಂದಕ್ಕೇ ಎಳೆದುಕೊಂಡ. "ನಾ ಕೊಡಂಗಿಲ್ರಿ ಅಕ್ಕಾರ. ನಾಳೆ ಏನರ ಆದ್ರ ನನ್ನ ತಲಿಮ್ಯಾಲೆ ಬರತೈತಿ."

ಸಂಜೆ ಉಮೇಶನಿಗೆ ಊಟಕ್ಕೆ ಬಡಿಸಿ ಎದುರಿಗೆ ಕೂತಳು.

"ನೀವರ ಹೇಳ್ರಿ. ಹಾಕ್ಕೊಳ್ಳಲೋ, ಬಿಡಲೋ?"

"ನನಗೇನ ತಿಳೀತೈತಿ ರೂಪಾ? ನಿನಗ ಹ್ಯಾಂಗ ಅನಸ್ತೈತಿ ಹಂಗ ಮಾಡು." ಅವನು ತಾಟಿನಿಂದ ತಲೆ ಎತ್ತಲಿಲ್ಲ.

ಅತ್ತೆ ಉಡಚವ್ವ ಮುಶಿಗೇರಿಯಿಂದ ಬಂದಿದ್ದಳು. ಹೆತ್ತ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು. ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತ, "ಕಣ್ಣು ಆಮ್ಯಾಲೆ ನೋಡಿಕೊಳ್ಳೂಣು ತಂಗಿ. ಮೊದಲ ಕೂಸು ಕೈಗೆ ಬರಲಿ," ಎಂದಳು. ಆ ಕೈಗೆ ಎದುರಾಡಲು ರೂಪಾಗೆ ಆಗಲಿಲ್ಲ. ಅಂದಿನಿಂದ ಹನಿ ಬಿಟ್ಟಳು. ಹಾಗೆ ನೋಡಿದರೆ ಅವಳಿಗೆ ಎಷ್ಟೋ ನಿರಾಳವೂ ಆಯಿತು.

ಮೂರನೇ ತಿಂಗಳು ದಾಟಿತು. ಹೊಟ್ಟೆಯಲ್ಲಿ ಕೂಸು ಮಿಸುಕಾಡಿತು. ನಡುನಡುವೆ ಹೆದರಿಕೆಯಾದಾಗ ರೂಪಾ ಸೂಜಿ ತೆಗೆದು ದಾರ ಪೋಣಿಸಿ ನೋಡುವಳು. ಒಂದೇ ಸಲಕ್ಕೆ ಹೋಗುತ್ತಿತ್ತು. ಇಷ್ಟು ಸಣ್ಣ ತೂತು ಕಾಣುತ್ತಿರುವಾಗ ಕಣ್ಣಿಗೇನಾಗಿದೆ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವಳು. ಮತ್ತೆ ಡಾಕ್ಟರಿಗೆ ಫೋನ್ ಮಾಡಲಿಲ್ಲ. ಹಾಕಿಕೋ ಎಂದುಬಿಟ್ಟರೆ ಏನು ಮಾಡುವುದೆಂಬ ಭಯ.

ಏಳು ತುಂಬುವ ಹೊತ್ತಿಗೆ ಬಾಗಿಲ ಚೌಕಟ್ಟು ಬಲಭುಜಕ್ಕೆ ಬಡಿಯತೊಡಗಿತು. ಬಸಿರಿನ ಭಾರಕ್ಕೆ ಹೀಗೆ ಎಂದುಕೊಂಡಳು. ಒಂದು ಬೆಳಿಗ್ಗೆ ಬಲಗಡೆಯಿಂದ ಚಹಾ ತರುತ್ತಿದ್ದ ಅತ್ತೆಗೆ ಡಿಕ್ಕಿ ಹೊಡೆದಳು. ಕುದಿಯುವ ಚಹಾ ಉಡಚವ್ವನ ಕೈಮೇಲೆ ಚೆಲ್ಲಿತು.

"ಕಾಣಲಿಲ್ಲೇನ ತಂಗಿ? ನಾ ಇಲ್ಲೇ ಇದ್ನೆಲ್ಲ!"

ರೂಪಾ ಎಡಗಣ್ಣು ಮುಚ್ಚಿಕೊಂಡಳು. ಎದುರಿಗಿದ್ದ ಮಷಿನ್ನು ಕಂಡಿತು. ಪಕ್ಕದಲ್ಲೇ ನಿಂತಿದ್ದ ಅತ್ತೆ ಇರಲಿಲ್ಲ.

ಉಮೇಶ ಅಂದಿನ ಬಾಡಿಗೆ ಬಿಟ್ಟು, ಅದೇ ಗಾಡಿಯಲ್ಲಿ ಅವಳನ್ನು ಗದಗಿಗೆ ಕರೆದುಕೊಂಡು ಹೋದ.

ದವಾಖಾನೆಯಲ್ಲಿ ಅವಳ ಗದ್ದವನ್ನು ಒಂದು ಯಂತ್ರದ ಮೇಲಿಡಿಸಿ, ಕೈಗೆ ಗುಂಡಿ ಕೊಟ್ಟು, ಎಡಗಣ್ಣು ಮುಚ್ಚಿದರು. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಆಚೀಚೆ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ರೂಪಾ ಒತ್ತಿದಳು, ಮತ್ತೆ ಒತ್ತಿದಳು. ಆಮೇಲೆ ಬೆಳಕು ಬರುವುದು ನಿಂತಿತು. ಬಹಳ ಹೊತ್ತು ಕಾದಳು.

"ಮಷಿನ್ ಬಂದ್ ಆಗೇತೇನ್ರಿ?" ಎಂದು ಕೇಳಿದಳು.

"ಇಲ್ಲವ್ವ, ನಡದೈತಿ. ಬೆಳಕು ಬರಾಕ ಹತ್ಯಾವು," ಎಂದಳು ನರ್ಸ್.

ಕಾಣದ ಬೆಳಕಿಗೆ ಒತ್ತಿಬಿಡಲೇ ಎನ್ನಿಸಿತು.

ರಘೂತ್ತಮ ಬೈಯಲಿಲ್ಲ. ಬೈದಿದ್ದರೇ ಚಲೋ ಇತ್ತು. "ಬಲಗಣ್ಣಿನ ಅಂಚಿನ ನೋಟ ಹೋಗೇತಿ. ಹೋದದ್ದು ವಾಪಸ್ ಬರಂಗಿಲ್ಲ," ಎಂದರು. "ನೀವು ಹಾಕ್ಕೋತಿದ್ದ ಹನಿ ಬಸರಿಗೆ ಬ್ಯಾಡ ಅಂತ ನಾನೂ ಹೇಳ್ತಿದ್ದೆ. ಆದ್ರ ಅದರ ಬದಲಿಗೆ ಬ್ಯಾರೆ ಹನಿ ಅದಾವ. ಹಾಕ್ಕೊಂಡ ಕೂಡಲೇ ಕಣ್ಣು ಮುಚ್ಚಿ, ಮೂಗಿನ ಕಡೆ ಕಣ್ಣಿನ ಮೂಲಿಯನ್ನ ಬೆರಳಿಂದ ಒತ್ತಿ ಹಿಡೀರಿ. ಗಂಟಲಕ್ಕ, ರಕ್ತಕ್ಕ ಹೋಗೂದು ಕಡಿಮಿ ಆಗತೈತಿ. ಅರ್ಚನಾ ಅವರ ಜೋಡಿ ನಾನೇ ಮಾತಾಡ್ತೀನಿ. ಕೂಸಿನ ಎದಿಬಡಿತ ಅವರು ನೋಡ್ಕೊಂತಾರ."

"ಕೂಸಿಗೆ ಏನೂ ಆಗಂಗಿಲ್ಲ ಅಂತೀರೇನ್ರಿ?"

"ಏನೂ ಆಗಂಗಿಲ್ಲ ಅಂತ ಯಾರೂ ಬರದುಕೊಡಂಗಿಲ್ಲ, ಯವ್ವಾ. ಅಪಾಯ ಕಡಿಮಿ. ಹನಿ ಬಿಟ್ರ ಮಾತ್ರ ಉಳಿದ ದೃಷ್ಟಿನೂ ಹೋಗತೈತಿ."

ಆ ಸಂಜೆ ರೂಪಾ ಹೊಸ ಹನಿ ಹಾಕಿಕೊಂಡು ಮೂಲೆ ಒತ್ತಿ ಹಿಡಿದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಕೂಸು ಒದೆಯುವವರೆಗೆ ಉಸಿರು ಬಿಗಿಹಿಡಿದಿದ್ದಳು. ಹೆರಿಗೆಯಾಗುವ ತನಕ ಪ್ರತಿ ಸಲವೂ ಹೀಗೆಯೇ.

ತವರು ಶಿರೋಳದಲ್ಲಿ ಹೆಣ್ಣುಕೂಸು ಕೈಗೆ ಬಂತು. ಗಟ್ಟಿಮುಟ್ಟಾಗಿತ್ತು. ನೋಡಲು ಬಂದ ಉಡಚವ್ವ ಮೊಮ್ಮಗಳನ್ನು ಎತ್ತಿಕೊಳ್ಳದೆ ಬಾಗಿಲಲ್ಲೇ ಕೂತು ಅತ್ತಳು. "ಹನಿ ನಾನ ಬಿಡಿಸಿದ್ನಿ ತಂಗಿ," ಎಂದಳು. ರೂಪಾ ಎದ್ದು ಬಾಗಿಲಿಗೆ ಬಂದಳು. ಕೂಸನ್ನು ಅತ್ತೆಯ ತೊಡೆಗೆ ಹಾಕಿದಳು.

ಎಲ್ಲರೂ ಹೊರಗೆ ಹೋದ ಮೇಲೆ ಉಮೇಶ ಹಾಸಿಗೆಯ ಅಂಚಿಗೆ ಕೂತ.

"ಅವತ್ತ ನಾ ಹಾಕ್ಕೋ ಅನ್ನಬೇಕಿತ್ತು."

"ಅಂದಿದ್ರೂ ನಾ ಹಾಕ್ಕೋತಿರಲಿಲ್ಲ," ಎಂದಳು ರೂಪಾ. ಪಕ್ಕದಲ್ಲಿದ್ದ ಕೂಸಿನ ಹೊದಿಕೆ ಸರಿಮಾಡುತ್ತ, "ಇದು ಮನಿತನದಾಗ ಇಳೀತೈತಂತ. ಈಕಿ ಕಣ್ಣೂ ತೋರಸ್ಬೇಕು ಅಂದಾರ ಡಾಕ್ಟರು," ಎಂದಳು.

ಉಮೇಶ ಕೂಸಿನ ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ಕೂತ.